ಅವಸರವೇನಿಲ್ಲ, ಕರ್ತನೇ

ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ನಾದಿನಿ. ಆಮೇಲೆ ಪರದೆ ಅಂಗಡಿಯಲ್ಲಿ ಅವಳ ಜೊತೆ ಹೊಲಿಯುವ ಹೆಂಗಸರಿಗೂ ಚರ್ಚಿನವರಿಗೂ ಅದೇ ರೂಢಿಯಾಯಿತು. ಗಂಡನದು ಬೀಗ ರಿಪೇರಿ ಕೆಲಸ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ಬಹಳ ಕಾಲ ಪ್ರಾರ್ಥಿಸಿದ ಅತ್ತಿಗೆ ಕೊನೆಗೆ ಬೇಸತ್ತು ಕೇಳುವುದನ್ನೇ ಬಿಟ್ಟಿದ್ದಳು.

ನಾದಿನಿ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ಅವಳು ತುಂಬಿದ ಬಸುರಿಯಾಗಿದ್ದಾಗ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹೆತ್ತ ಮೇಲೆ ಅವಳು ಮಗುವಿನ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಒಮ್ಮೆ ಬಾಲ್ಕನಿಯ ಕಂಬಿಯಾಚೆ ಕಾಲಿಟ್ಟಿದ್ದವಳನ್ನು ಪಕ್ಕದ ಮನೆಯವರು ಒಳಗೆಳೆದು ಉಳಿಸಿದರು. ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ ದಿನ ಅವಳ ತಾಯಿ ಮಗುವನ್ನು ಸುತ್ತಿ ತಂದು ಸೊಸೆಯ ಮಡಿಲಿಗೆ ಹಾಕಿದಳು.

"ನನ್ನ ಕೈಲಿ ಆಗಲ್ಲಮ್ಮ. ಅವಳು ಸುಧಾರಿಸ್ಕೊಳ್ಳೋವರೆಗೂ ನೀನೇ ನೋಡ್ಕೋ."

ಸುಧಾರಿಸಿಕೊಳ್ಳುವವರೆಗೂ. ಆ ಮಾತು ಅತ್ತಿಗೆಯ ಕಿವಿಗೆ ಬಿದ್ದಿತ್ತು. ಬೀಳಲಿಲ್ಲ ಎಂದು ಅವಳು ಎಂದೂ ಹೇಳುವ ಹಾಗಿರಲಿಲ್ಲ.

ಮಗು ದುಂಡಗಿತ್ತು. ಹೊಲಿಗೆಯವಳ ಬಾಯಿಗೆ ಬಂದ ಹೆಸರು ಗುಂಡಿ, ಅದೇ ಉಳಿಯಿತು. ಅತ್ತಿಗೆ ಅಂಗಡಿಯವರನ್ನು ಕೇಳಿಕೊಂಡು ಹೊಲಿಗೆಯನ್ನು ಮನೆಗೇ ತಂದಳು. ಮಿಷನ್ನಿನ ಸದ್ದಿಗೆ ಗುಂಡಿ ನಿದ್ದೆ ಹೋಗುತ್ತಿದ್ದಳು. ಸದ್ದು ನಿಂತರೆ ಕಣ್ಣು ಬಿಡುತ್ತಿದ್ದಳು. ಹಾಗಾಗಿ ದಾರ ಕಡಿದುಹೋದರೂ ಅತ್ತಿಗೆ ಬರೀ ಪೆಡಲು ತುಳಿಯುತ್ತ ಕೂತಿರುತ್ತಿದ್ದಳು. ಗಂಡ ನಗುತ್ತಿದ್ದ. "ಗಾಳಿ ಹೊಲೀತಾ ಇದೀಯಾ?"

"ನೀನು ಸುಮ್ನಿರು. ಏಳ್ತಾಳೆ."

ತೆವಳುವುದು, ಕೂರುವುದು, ಗೋಡೆ ಹಿಡಿದು ನಿಲ್ಲುವುದು ಎಲ್ಲ ಆ ಮನೆಯಲ್ಲೇ ಆಯಿತು. ಒಂದು ಮಧ್ಯಾಹ್ನ ಪರದೆ ಬಟ್ಟೆಯ ರಾಶಿಯೊಳಗಿಂದ ತಲೆ ಹೊರಹಾಕಿ ಗುಂಡಿ "ಅಮ್ಮ" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತಿಗೆ ತಿದ್ದಲೂ ಇಲ್ಲ.

ಬುಧವಾರ ಸಂಜೆ ಚರ್ಚಿನ ಸಭೆಯವರು ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಇವರ ಮನೆಯ ಸರದಿ ಬಂದಾಗ ಪಾಸ್ಟರು ಹೇಳಿದರು, "ದೇವರ ಹತ್ರ ನಮಗೆ ಬೇಕಾದ್ದು ಕೇಳೋದು ತಪ್ಪಲ್ಲ. ಆದ್ರೆ ಆತನಿಗೇನು ಬೇಕು ಅಂತ ಮೊದಲು ಕೇಳ್ಬೇಕು. ನಮ್ಮದು ಆಮೇಲೆ. ಅತ್ತಿಗೆ, ನಾದಿನಿಗೋಸ್ಕರ ಇವತ್ತು ನೀವೇ ಪ್ರಾರ್ಥನೆ ಮಾಡಿ."

ಗುಂಡಿ ತೊಡೆಯ ಮೇಲೆ ಮಲಗಿದ್ದಳು. ಅತ್ತಿಗೆ ಕಣ್ಣು ಮುಚ್ಚಿದಳು. "ಕರ್ತನೇ, ನನ್ನ ನಾದಿನಿಯನ್ನು ಎಬ್ಬಿಸು. ಅವಳ ಮನಸ್ಸಿಗೆ ಬೆಳಕು ಕೊಡು. ಅವಳನ್ನು ಮಗುವಿನ ಹತ್ತಿರ ಕರೆದುಕೊಂಡು ಬಾ. ನಿನ್ನ ಚಿತ್ತ ನೆರವೇರಲಿ." ಮಾತು ತಡವರಿಸಲಿಲ್ಲ. ಎಲ್ಲರೂ ಆಮೆನ್ ಎಂದರು. ಅಜ್ಜಿ, ಅಂದರೆ ಅವಳ ಅತ್ತೆ, ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅತ್ತಿಗೆಯ ಎದೆಯೊಳಗೆ ಇನ್ನೊಂದು ಪ್ರಾರ್ಥನೆ ಅದರ ಪಾಡಿಗೆ ಅದು ನಡೆದುಹೋಗಿತ್ತು: ನಿಧಾನವಾಗಿ, ಕರ್ತನೇ. ಅವಸರವೇನಿಲ್ಲ.

ಆತನಿಗೇನು ಬೇಕು ಎಂದು ಕೇಳುವ ಅಗತ್ಯವೇ ಅವಳಿಗಿರಲಿಲ್ಲ. ಅದು ಹಗಲಿನಷ್ಟು ಸ್ಪಷ್ಟವಾಗಿತ್ತು. ಹೆತ್ತವಳು ಬದುಕಬೇಕು, ಮಗು ಹೆತ್ತವಳನ್ನು ಸೇರಬೇಕು. ಇದರಲ್ಲಿ ಯಾವ ಭಾಗ ದೇವರಿಗೆ ಬೇಡವಾಗಿರಲು ಸಾಧ್ಯ? ಗೊತ್ತಿಲ್ಲದಿದ್ದರೆ ಎಷ್ಟೋ ಸುಖವಿತ್ತು.

ನಾದಿನಿ ಸುಧಾರಿಸುತ್ತ ಬಂದಳು. ಮೊದಲು ಊಟ ಮಾಡಿದಳು ಎಂದು ಸುದ್ದಿ ಬಂತು, ಆಮೇಲೆ ನಕ್ಕಳು ಎಂದು, ಆಮೇಲೆ ಮಗು ಹೇಗಿದೆ ಎಂದು ಕೇಳಿದಳಂತೆ. ಒಂದೊಂದು ಸುದ್ದಿಗೂ ಅಜ್ಜಿ ದೇವರಿಗೆ ಸ್ತೋತ್ರ ಹೇಳುತ್ತಿದ್ದಳು. ಅತ್ತಿಗೆಯೂ ಹೇಳುತ್ತಿದ್ದಳು, ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

"ಊರಿನ ಬೀಗವೆಲ್ಲ ತೆಗೀತೀನಿ, ನಿನ್ನ ಬಾಯಿ ಬೀಗ ಮಾತ್ರ ಬಗ್ತಾ ಇಲ್ಲ," ಎಂದ ಗಂಡ ಒಂದು ದಿನ. "ಏನಾಗಿದೆ ಹೇಳೇ."

ಅವಳು ಹೇಳಿಬಿಟ್ಟಳು. "ಎಲ್ಲರ ಮುಂದೆ ಅವಳು ವಾಸಿಯಾಗಲಿ ಅಂತೀನಿ. ಒಳಗೆ ಬೇಡ ಅಂತೀನಿ. ನಿನ್ನ ತಂಗಿ ಅವಳು. ನಾನೆಂಥ ಹೆಂಗಸು ಅಂತ ನಂಗೇ ಹೇಸಿಗೆ ಆಗ್ತಿದೆ."

ಅವನು ಕೀಲಿ ಉಜ್ಜುತ್ತಿದ್ದ ಅರವನ್ನು ಮೇಜಿನ ಮೇಲಿಟ್ಟ. ಬೈಯುತ್ತಾನೆ ಎಂದುಕೊಂಡಳು.

"ನಾನೂ ಹಾಗೇ ಕೇಳ್ಕೊಂಡಿದೀನಿ," ಎಂದ ಅವನು. "ಒಡಹುಟ್ಟಿದವನು ನಾನು. ಈಗ ಯಾರು ಯಾರಿಗೆ ಬುದ್ಧಿ ಹೇಳೋದು?"

ಇಬ್ಬರೂ ನೆಲದ ಮೇಲೆ ಆಡುತ್ತಿದ್ದ ಮಗುವನ್ನು ನೋಡುತ್ತ ಕೂತರು. ಕೈ ಜೋಡಿಸಿದರೆ ಯಾವ ಮಾತು ಹೊರಬೀಳುತ್ತದೋ ಎಂಬ ಭಯಕ್ಕೆ ಅಂದು ಇಬ್ಬರೂ ಪ್ರಾರ್ಥಿಸಲಿಲ್ಲ.

ನಾದಿನಿ ಆಸ್ಪತ್ರೆಯಿಂದ ತನ್ನ ಮನೆಗೆ ಮರಳಿದಳು. ಜೊತೆಗಿರಲು ಅಜ್ಜಿ ಹೋದಳು. ಕೆಲವು ವಾರ ಕಳೆದ ಮೇಲೆ, ಮಗು ಈಗ ಅಲ್ಲಿರಬಹುದು ಎಂದರು ಡಾಕ್ಟರು. ಕರೆದೊಯ್ಯಲು ನಾದಿನಿಯೇ ಬಂದಳು. ತೆಳ್ಳಗಾಗಿದ್ದಳು. ಬಾಗಿಲಲ್ಲೇ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಋಣ ಯಾವತ್ತೂ ತೀರಲ್ಲ ಅತ್ತಿಗೆ. ನಿಮ್ಮ ಪ್ರಾರ್ಥನೇನೇ ನನ್ನ ಉಳಿಸ್ತು."

ಅತ್ತಿಗೆಗೆ ಅವಳ ಮುಖ ನೋಡಲಾಗಲಿಲ್ಲ. "ಬಟ್ಟೆ ಎಲ್ಲ ಕಟ್ಟಿಟ್ಟಿದೀನಿ," ಎಂದಳು. ಕಾರಿನ ಕಿಟಕಿಗೆ ಅಂಗೈ ಒತ್ತಿ ಗುಂಡಿ ಚೀರುತ್ತಿದ್ದಳು. ಕಾರು ತಿರುವು ದಾಟಿತು. ಅತ್ತಿಗೆ ಒಳಗೆ ಬಂದು ಮಿಷನ್ನಿನ ಮುಂದೆ ಕೂತಳು. ಕಾಲು ಪೆಡಲಿನ ಮೇಲಿತ್ತು, ತುಳಿಯಲಿಲ್ಲ.

ನಾಲ್ಕೈದು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಅಜ್ಜಿಯ ಫೋನು ಬಂತು. "ಬೇಗ ಬಾರಮ್ಮ. ಮಗು ಬೆಳಿಗ್ಗೆಯಿಂದ ಅಳ್ತಾನೇ ಇದೆ. ಹಾಲು ಮುಟ್ತಾ ಇಲ್ಲ. ಇವಳೂ ಅಳ್ತಾ ಕೂತಿದಾಳೆ. ನಂಗೆ ಕೈಕಾಲೇ ಆಡ್ತಾ ಇಲ್ಲ."

ಗಂಡ ಹೆಂಡತಿ ಬಿದ್ದಂಬೀಳ ಓಡಿದರು. ದಾರಿಯುದ್ದಕ್ಕೂ ಅತ್ತಿಗೆಯ ಎದೆಯಲ್ಲಿ ಕುಣಿಯುತ್ತಿದ್ದುದು ಗಾಬರಿಯಷ್ಟೇ ಆಗಿರಲಿಲ್ಲ. ಅದು ಅವಳಿಗೆ ತಿಳಿದಿತ್ತು. ಆ ಮನೆಯ ಮೆಟ್ಟಿಲು ಹತ್ತುವಾಗಲೇ ಅಳು ಕೇಳಿಸಿತು, ಬತ್ತಿಹೋದ, ಒಡಕು ಅಳು. ಅದರ ನಡುವೆ ನಾದಿನಿಯ ದನಿ.

"ಬರ್ತಾಳೆ ಕಂದಾ. ನಿನ್ನಮ್ಮ ಬರ್ತಾಳೆ. ಅಳಬೇಡ, ನಿನ್ನಮ್ಮನ್ನ ಕರೆಸಿದೀನಿ."

ಅತ್ತಿಗೆ ನಡುಮೆಟ್ಟಿಲಲ್ಲಿ ನಿಂತಳು. ನಾದಿನಿ ನಿನ್ನಮ್ಮ ಎನ್ನುತ್ತಿದ್ದುದು ತನ್ನನ್ನಲ್ಲ, ಅತ್ತಿಗೆಯನ್ನು. ಹೆತ್ತವಳೇ ತನ್ನ ಬಾಯಾರೆ ಆ ಹೆಸರನ್ನು ಬಿಟ್ಟುಕೊಟ್ಟಿದ್ದಳು. ಇಷ್ಟು ದಿನ ಒಳಗೊಳಗೇ ಬೇಡಿದ್ದು ಈಗ ಬಾಗಿಲಾಚೆ ಸಿದ್ಧವಾಗಿ ಕೂತಿತ್ತು. ಒಳಹೋಗಿ ಎತ್ತಿಕೊಂಡರೆ ಮುಗಿಯಿತು. ಯಾರೂ ಅಡ್ಡ ಬರುವುದಿಲ್ಲ. ಆಮೇಲೆ ನಾದಿನಿ ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ. ಇನ್ನೊಮ್ಮೆ ಬಾಲ್ಕನಿಗೆ ಹೋಗುತ್ತಾಳೆ.

"ಯಾಕೆ ನಿಂತೆ?" ಎಂದ ಗಂಡ.

ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಪ್ರಾರ್ಥಿಸಲು ನೋಡಿದಳು. ನಿನ್ನ ಚಿತ್ತ, ಎಂದು ಶುರುಮಾಡಿದಳು. ಮುಂದಿನದನ್ನು ಹೇಳಲಾಗಲಿಲ್ಲ. ಬಲ ಬರಲಿಲ್ಲ, ಸಮಾಧಾನವೂ ಬರಲಿಲ್ಲ. ಒಳಗೆ ಮಗು ಅಳುತ್ತಲೇ ಇತ್ತು. ಕೊನೆಗೆ, "ನನ್ನ ಕೈಲಾಗಲ್ಲ. ನೀನೇ ಮಾಡಿಸು," ಎಂದಷ್ಟೇ ಹೇಳಿ ಎದ್ದಳು.

ಅವಳನ್ನು ಕಂಡದ್ದೇ ತಡ, ಗುಂಡಿ ನಾದಿನಿಯ ತೋಳಿನಿಂದ ಹಾರಿ ಬಂದು ಕೊರಳಿಗೆ ಜೋತುಬಿದ್ದಳು. ಅಳು ನಿಂತಿತು. ನಾದಿನಿ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಕರ್ಕೊಂಡು ಹೋಗಿ ಅತ್ತಿಗೆ. ಅವಳಿಗೆ ನಾನು ಬೇಡ," ಎಂದಳು.

ಅತ್ತಿಗೆ ಹಾಸಿಗೆಯ ಮೇಲೆ ನಾದಿನಿಯ ಭುಜಕ್ಕೆ ಭುಜ ತಾಗಿಸಿ ಕೂತಳು. ಹಾಲಿನ ಬಾಟಲಿಯನ್ನು ನಾದಿನಿಯ ಕೈಗೆ ಕೊಟ್ಟಳು. "ನೀನು ಕುಡಿಸು."

"ನನ್ನ ಕೈಲಿ ಕುಡಿಯಲ್ಲ."

"ನಾನು ಹಿಡ್ಕೊಂಡಿರ್ತೀನಿ. ಬಾಟ್ಲು ನೀನು ಹಿಡಿ. ತಲೆ ಸವರು. ಅಲ್ಲಲ್ಲ, ಕಿವಿ ಹಿಂದೆ. ಅಲ್ಲಿ ಸವರಿದ್ರೆ ನಿದ್ದೆ ಬರುತ್ತೆ ಅವಳಿಗೆ."

ಅದು ಇಷ್ಟು ದಿನ ಅತ್ತಿಗೆ ಒಬ್ಬಳಿಗೇ ಗೊತ್ತಿತ್ತು. ಗುಂಡಿ ಅತ್ತಿಗೆಯ ಮುಖವನ್ನೇ ನೋಡುತ್ತ ಕುಡಿದಳು. ಕಣ್ಣು ಬಾಡಿದವು. ಮುಷ್ಟಿಯಲ್ಲಿದ್ದ ಸೆರಗು ಸಡಿಲವಾಯಿತು.

ನಿದ್ದೆ ಗಟ್ಟಿಯಾಗುವವರೆಗೆ ಕಾದಳು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಾದಳು. ಆಮೇಲೆ, "ಒರಗಿಕೋ," ಎಂದು ನಾದಿನಿಯನ್ನು ದಿಂಬಿಗೆ ಒರಗಿಸಿ ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದಳು. "ಎದ್ದಾಗ ನಿನ್ನ ಮುಖಾನೇ ಕಾಣ್ಲಿ. ಅಳ್ತಾಳೆ. ಅತ್ರೂ ಕೆಳಗಿಳಿಸಬೇಡ. ನನಗೆ ಫೋನ್ ಮಾಡಬೇಡ."

"ಅತ್ತಿಗೆ..."

"ಮಾಡಿದ್ರೆ ನಾನು ಬಂದುಬಿಡ್ತೀನಿ ಕಣೇ. ಅದಕ್ಕೇ ಹೇಳ್ತಿರೋದು."

ಅಜ್ಜಿ ಬಾಗಿಲವರೆಗೆ ಬಂದು ಸೊಸೆಯ ಬೆನ್ನು ಸವರಿದಳು. ಬೀದಿಗೆ ಬಂದಾಗ ಗಂಡ, "ಒಳ್ಳೇದು ಮಾಡಿದೆ," ಎಂದ. ಅವಳಿಗೆ ಹಾಗನಿಸಲಿಲ್ಲ. ಕೊಟ್ಟು ಬಂದ ಕೈ ಹಗುರಾಗುತ್ತದೆ ಎಂದು ಎಲ್ಲೋ ಕೇಳಿದ್ದಳು. ಇವಳ ಕೈ ಮಾತ್ರ ಯಾರೋ ಮಗುವನ್ನು ಕಿತ್ತುಕೊಂಡ ಹಾಗೆ ನೋಯುತ್ತಿತ್ತು. ಬಸ್ಸಿನಲ್ಲಿ ಜನರ ಪರಿವೆಯಿಲ್ಲದೆ ಬಿಕ್ಕಿಬಿಕ್ಕಿ ಅತ್ತಳು. ಗಂಡ ಪಕ್ಕದಲ್ಲಿ ನಿಂತಿದ್ದ.

ಅವತ್ತು ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಮಗು ಹಟ ಮಾಡಿತು, ಜ್ವರ ಬರಿಸಿಕೊಂಡಿತು, ಮೆಲ್ಲಗೆ ಹೊಂದಿಕೊಂಡಿತು ಎಂಬುದೆಲ್ಲ ಆಮೇಲೆ ಅಜ್ಜಿಯಿಂದ ತಿಳಿಯಿತು. ನಾದಿನಿ ಬೇಕರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಮರಳಿದಳು. ಈಗ ನೋಡಲು ಬರಬಹುದು ಎಂದು ಹೇಳಿ ಕಳಿಸಿದವಳೂ ಅವಳೇ.

ಅವರು ಹೋದಾಗ ಗುಂಡಿ ತಾಯಿಯ ಕಾಲಿನ ಹಿಂದೆ ಅವಿತು ಇಣುಕಿದಳು. "ಯಾರು ಬಂದಿದಾರೆ ನೋಡು," ಎಂದಳು ನಾದಿನಿ. "ಅತ್ತೆ ಅನ್ನು. ಅತ್ತೆ."

"ಅತ್ತೆ," ಎಂದಿತು ಮಗು, ಹೊಸ ಪದವನ್ನು ಬಾಯಲ್ಲಿ ಉರುಳಿಸುತ್ತ.

ಅತ್ತಿಗೆ ಮಂಡಿಯೂರಿ ಕೂತು ಕೈ ಚಾಚಿದಳು. ಮಗು ತಾಯಿಯ ಮುಖ ನೋಡಿತು, ಅನುಮತಿ ಕೇಳುವ ಹಾಗೆ. ಅತ್ತಿಗೆ ಕಾದಳು.