ಮೊದಲು ತೋರಿಸಿದ ಬೆರಳು

ನಮ್ಮ ಮನೆಯವರ ಟೈಲರ್ ಅಂಗಡಿ ಪೊಲೀಸ್ ಠಾಣೆಯ ಎದುರಿಗಿದೆ. ಕಳ್ಳನ ಗುರುತು ಹಿಡಿಸಲು ಆರೋಪಿಯ ಜೊತೆ ಐದಾರು ಜನರನ್ನು ಸಾಲಾಗಿ ನಿಲ್ಲಿಸಿ ಸಾಕ್ಷಿಗೆ ತೋರಿಸುತ್ತಾರಲ್ಲ, ಆ ಸಾಲಿಗೆ ಆಳು ಕಡಿಮೆ ಬಿದ್ದಾಗಲೆಲ್ಲ ಪೇದೆ ಬಂದು ಇವರನ್ನು ಕರೆದೊಯ್ಯುತ್ತಾನೆ.

"ಒಂಬತ್ತು ಸಲ ನಿಂತಿದ್ದೀನಿ. ಒಬ್ಬರೂ ನನ್ನ ಕಡೆ ಬೆರಳು ತೋರಿಸಿಲ್ಲ. ಮುಖದಲ್ಲೇ ಮರ್ಯಾದೆ ಇದೆ," ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಾರೆ. ಕಾಜಾ ಹೊಲಿಯುತ್ತ ಕೂತ ನಾನು ನಗು ನುಂಗಿಕೊಳ್ಳುತ್ತೇನೆ.

ಒಂದು ದಿನ ವಕೀಲೆಯೊಬ್ಬರು ಕಪ್ಪು ಗೌನಿನ ತೋಳು ಹೊಲಿಸಲು ಬಂದರು. ಮುಖ ಸಪ್ಪಗಿತ್ತು. ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರ ಸರ ಕಿತ್ತ ಕೇಸು, ಮೇಲ್ಮನವಿ ಸೋಲುವ ಹಾಗಿದೆ ಎಂದರು.

"ಆ ಹೊತ್ತಲ್ಲಿ ಅಕ್ಕನ ಮನೇಲಿದ್ದೆ ಅಂತಾನೆ ನನ್ನ ಕಕ್ಷಿದಾರ. ಅಕ್ಕನೂ ಹೌದು ಅಂದ್ಲು. ಒಡಹುಟ್ಟಿದವಳ ಮಾತು ಅಂತ ಕೋರ್ಟು ಬದಿಗಿಟ್ಟಿತು. ಅಜ್ಜಿ ಸಾಲು ನೋಡಿದ ತಕ್ಷಣ ಇವನನ್ನೇ ತೋರಿಸಿದ್ರಂತೆ. ಎರಡು ವರ್ಷದಿಂದ ಒಳಗಿದ್ದಾನೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಎಲ್ಲಿ ತಕ್ಷಣ? ಅಜ್ಜಿ ಮೊದಲು ತೋರಿಸಿದ್ದು ನಮ್ಮ ಯಜಮಾನರನ್ನ. ಸರಿಯಾಗಿ ನೋಡಿ ಅಜ್ಜಿ ಅಂತ ಪೊಲೀಸರು ಅಂದ ಮೇಲೆ ಬೆರಳು ಪಕ್ಕದವನಿಗೆ ಹೋಯ್ತು. ಇವರು ಎರಡು ದಿನ ಊಟ ಬಿಟ್ಟಿದ್ರು."

ಇವರ ಹೊಲಿಗೆ ಯಂತ್ರ ನಿಂತಿತು. ಪಕ್ಕದವನಿಗೆ ಶಿಕ್ಷೆಯಾದದ್ದು ನನಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಕೋರ್ಟಿಗೆ ಬಂದು ಇದನ್ನೇ ಹೇಳಿ ಎಂದು ಕೇಳಿಕೊಂಡು ವಕೀಲೆ ಹೋದ ಮೇಲೆ ಇವರು ನನ್ನ ಮೇಲೆ ಹರಿಹಾಯ್ದರು. "ಕೋರ್ಟಲ್ಲಿ ಹೇಳಿದ್ರೆ, ಸರ ಕಿತ್ತಾಗ ನೀನೆಲ್ಲಿದ್ದೆ ಅಂತ ನನ್ನನ್ನೇ ಕೇಳ್ತಾರೆ. ಮನೇಲಿ ಮಲಗಿದ್ದೆ. ಸಾಕ್ಷಿ ಯಾರು? ನೀನು. ಹೆಂಡತಿ ಮಾತು ಯಾರು ನಂಬ್ತಾರೆ?"

"ಅವನ ಅಕ್ಕನ ಗತಿಯೂ ಅದೇ ತಾನೆ," ಎಂದೆ.

ಕೊನೆಗೆ ಇವರು ಇಸ್ತ್ರಿ ಶರ್ಟು ತೊಟ್ಟು ನನ್ನನ್ನೂ ಕರೆದುಕೊಂಡು ಕೋರ್ಟಿಗೆ ಹೊರಟರು. ಬೆವರಿಗೆ ಇಸ್ತ್ರಿ ದಾರಿಯಲ್ಲೇ ಹಾಳಾಯಿತು. ನಡೆದದ್ದನ್ನೆಲ್ಲ ಒಪ್ಪಿಸಿದ ಮೇಲೆ ನ್ಯಾಯಾಧೀಶರು ಆ ಪ್ರಶ್ನೆಯನ್ನೇ ಕೇಳಿದರು.

"ಮನೇಲಿದ್ದೆ ಸ್ವಾಮಿ. ನನ್ನ ಹೆಂಡ್ತಿ ಹೇಳ್ತಾಳೆ."

"ಹೆಂಡ್ತಿ ಹೇಳಿದ್ರೆ ನಂಬಬೇಕೇನ್ರಿ?"

ಇವರು ತಿರುಗಿ ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದಿನ ಬೆಂಚಿನಲ್ಲಿದ್ದ ಆ ಅಕ್ಕನನ್ನು ನೋಡಿದರು. "ನಂಬೋದಾದ್ರೆ ಇಬ್ಬರನ್ನೂ ನಂಬಿ ಸ್ವಾಮಿ," ಎಂದರು. ಮದುವೆಯಾದಾಗಿನಿಂದ ಇವರ ಮೇಲೆ ನನಗೆ ಅಷ್ಟು ಹೆಮ್ಮೆಯಾದದ್ದಿಲ್ಲ.

ಬಿಡುಗಡೆಯಾದವನು ಮರುವಾರ ಅಕ್ಕನ ಜೊತೆ ಅಂಗಡಿಗೆ ಬಂದ. ಹಳೆಯ ಶರ್ಟು ದೊಗಲೆಯಾಗಿದೆ, ಸರಿಮಾಡಿಕೊಡಿ ಎಂದ. ಇವರು ಅವನ ಎದೆಗೆ ಟೇಪು ಸುತ್ತಿ ಹಾಗೇ ನಿಂತುಬಿಟ್ಟರು.

"ಎಷ್ಟು ಒಳಗೆ ಹಿಡೀಬೇಕು?" ಎಂದೆ.

"ಮೂರಿಂಚು," ಎಂದರು, "ಎರಡು ವರ್ಷ ನಾನು ಬಾಯಿ ಮುಚ್ಕೊಂಡಿದ್ದಕ್ಕೆ."