ತಂತಿಯ ತುದಿ

ಪರಮಾಣುವಿನ ಹೊಟ್ಟೆ ಸೀಳಿದಾಗ ಚಿಮ್ಮಿ ಬರುವ ಕಣಗಳಲ್ಲಿ ಯಾವುದು ಯಾವುದೆಂದು ಗುರುತು ಹಿಡಿಯುವ ಆ ಪೆಟ್ಟಿಗೆಗೆ, ಕೂದಲಿಗಿಂತ ಸಣ್ಣ ತಂತಿಗಳನ್ನು ಬಿಗಿದವರು ಅಕ್ಕತಂಗಿಯರು. ಎಡಗಡೆ ಅಕ್ಕನದು, ಬಲಗಡೆ ತಂಗಿಯದು. ತಂತಿಯ ತುದಿಯನ್ನು ತಾಮ್ರದ ಪುಟ್ಟ ಕೊಳವೆಯೊಳಗೆ ತೂರಿಸಿ ಇಕ್ಕಳದಿಂದ ಒತ್ತಬೇಕು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಎಂಜಿನಿಯರಿಗೆ ಉಸಿರಪ್ಪ ಎಂದು ಹೆಸರಿಟ್ಟವಳು ಅಕ್ಕನೇ. ಬಾಯಿ ತೆರೆದರೆ ಆತ ಹೇಳುತ್ತಿದ್ದುದು ತಂತಿ ಅಲುಗೀತು, ಉಸಿರು ಬಿಡಬೇಡಿ ಎಂದೇ.

ಪೆಟ್ಟಿಗೆ ಮುಚ್ಚಿ ಕೆಲಸಕ್ಕೆ ಹಚ್ಚಿದ ಮೇಲೆ ಎಡಗಡೆ ಒಂದು ತಂತಿ ಹೋಯಿತು. ಅದು ಪಕ್ಕದವುಗಳ ಮೇಲೆ ಬಿದ್ದು, ಆ ಭಾಗದ ಕಣಗಳೆಲ್ಲ ಗುರುತಿಲ್ಲದೆ ದಾಟಿಹೋದವು. ಬಿಚ್ಚಿ ನೋಡುವಂತಿರಲಿಲ್ಲ. ಅಕ್ಕನನ್ನು ಯಾರೂ ಬೈಯಲಿಲ್ಲ, ಅವಳ ಎದೆಯ ಮುಳ್ಳು ಮಾತ್ರ ಹೋಗಲಿಲ್ಲ. ನಡುವೆ ಕಡಿದಿದ್ದರೆ ಅದು ತಂತಿಯ ಹಣೆಬರಹ. ತುದಿಯಿಂದ ಜಾರಿದ್ದರೆ ಒತ್ತಿದವಳ ಕೈತಪ್ಪು. ಕಣ್ಣು ಪೂರ್ತಿ ಹೋಗಿ ಹಾಸಿಗೆ ಹಿಡಿದ ಮೇಲೂ ಅವಳು ಕೇಳುತ್ತಿದ್ದುದು ಅದೊಂದನ್ನೇ.

ಎಷ್ಟೋ ವರ್ಷಗಳ ಮೇಲೆ ಈಗ ಆ ಪೆಟ್ಟಿಗೆಯನ್ನು ತೆಗೆದು, ಗಾಜಿನ ಪಟ್ಟಿಗಳ ಹೊಸದನ್ನು ಕೂರಿಸುವ ಕೆಲಸ. ಬೆಳಿಗ್ಗೆ ಮುಚ್ಚಳ ಬಿಚ್ಚಿದರು. ತಂಗಿ ಬಗ್ಗಿ ನೋಡಿದಳು. ತಂತಿ ತುದಿಯಿಂದಲೇ ಜಾರಿತ್ತು. ಕೊಳವೆಯ ಮೇಲೆ ಇಕ್ಕಳದ ಗುರುತು ಇದ್ದೂ ಇಲ್ಲದಂತಿತ್ತು. ತಲೆ ನರೆತ ಉಸಿರಪ್ಪನೂ ನೋಡಿದ. ಮನೆಯಲ್ಲಿ ಏನು ಹೇಳುವುದೋ ನಿಮಗೆ ಬಿಟ್ಟದ್ದು ಎಂದು ಆಚೆ ಸರಿದ.

ಸಂಜೆ ಅಕ್ಕನ ಹಾಸಿಗೆಯ ಅಂಚಿನಲ್ಲಿ ಕೂತು ತಂಗಿ, ನಡುವೆ ಕಡಿದಿತ್ತು ಎಂದಳು.

ಅಕ್ಕನ ಮುಖ ಸಡಿಲಾಯಿತು. "ಉಸಿರಪ್ಪಂಗೆ ಹೇಳು, ಇನ್ನು ಮೇಲೆ ಉಸಿರು ಬಿಡ್ತೀನಿ ಅಂತ."

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತಿಗೊಂದು ಸಾಕ್ಷಿ ಇರಲೆಂದು ತಂಗಿ ಕರವಸ್ತ್ರದ ಗಂಟು ಬಿಚ್ಚಿ, ತನ್ನ ಬಲಗಡೆಯಿಂದ ಕಿತ್ತು ತಂದಿದ್ದ ಕೊಳವೆಯೊಂದನ್ನು ಅಕ್ಕನ ಅಂಗೈಗಿಟ್ಟಳು. ನಿನ್ನದೇ ಇದು, ತುದಿ ಹೇಗೆ ಕಚ್ಚಿಕೊಂಡಿದೆ ನೋಡು ಎಂದಳು.

ಅಕ್ಕ ಹೆಬ್ಬೆರಳಿನಿಂದ ಅದನ್ನು ಸವರಿದಳು. ತಿರುಗಿಸಿ ಮತ್ತೆ ಸವರಿದಳು.

"ಎರಡು ಒತ್ತು ಇದೆ ಕಣೇ ಇದರಲ್ಲಿ. ನಾನು ಒಂದೇ ಸಲ ಒತ್ತೋಳು. ಎರಡೆರಡು ಸಲ ಒತ್ತೋ ಪುಕ್ಕಲಿ ನೀನು."

ತಂಗಿ ಖಾಲಿ ಕರವಸ್ತ್ರವನ್ನು ಮತ್ತೆ ಗಂಟು ಕಟ್ಟತೊಡಗಿದಳು.

"ತುದೀಲೇ ಜಾರಿತ್ತಾ?"

ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅಕ್ಕ ಕೊಳವೆಯನ್ನು ತಂಗಿಯ ಕೈಗಿಟ್ಟು, ಅವಳ ಬೆರಳು ಮಡಚಿ, ಗೋಡೆಯ ಕಡೆ ಮಗ್ಗುಲಾದಳು. ಬೆನ್ನು ಅಲುಗಲಿಲ್ಲ, ಸದ್ದೂ ಇರಲಿಲ್ಲ. ಆದರೂ ಅಳುತ್ತಿದ್ದಾಳೆಂದು ತಂಗಿಗೆ ಗೊತ್ತಾಯಿತು. ಉಸಿರು ಬಿಗಿಹಿಡಿಯುವುದನ್ನು ಅವರಿಬ್ಬರೂ ಒಂದೇ ಕಡೆ ಕಲಿತಿದ್ದರು.