ಮರಳುಗಾಡಿಗೆ ಉಂಬಳದ ಮದ್ದು

ಹೊನ್ನಕ್ಕ ನನ್ನ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದ್ದರು. ಎಲೆಯಡಿಕೆ ಜಗಿಯುತ್ತಿದ್ದ ಬಾಯನ್ನು ಆಗಾಗ ಬೆರಳಲ್ಲಿ ಒರೆಸಿಕೊಳ್ಳುವುದು, ಅದೇ ಬೆರಳನ್ನು ಮತ್ತೆ ಚೀಲಕ್ಕೆ ಇಳಿಸುವುದು. ನಾನು ಬೆಂಗಳೂರಿಂದ ತರಿಸಿದ್ದ, ಒಳಗೆ ಹೊಕ್ಕು ಮಲಗುವ ಚೀಲವನ್ನು ಹಿಸುಕಿ ಹಿಸುಕಿ ನೋಡಿ, "ಇದೆಂತದು ಮಾರಾಯ್ತಿ, ಹೆಣ ಸುತ್ತುವ ಹಾಗಿದೆ" ಅಂದರು. ಅದರ ಮೇಲೆ ಅವರ ಬೆರಳಿನ ಕೆಂಪು ಕಲೆ ಕೂತಿತ್ತು.

ಹೊನ್ನಕ್ಕ ಪಕ್ಕದ ಮನೆಯವರು. ಅವರ ಚೀಲದೊಳಗೆ ನಾನು ಯಾವತ್ತೂ ಕೈ ಹಾಕಿದವಳಲ್ಲ. ಆದರೆ ನಮ್ಮಲ್ಲಿ ಪ್ರಯಾಣ ಹೊರಟವರ ಗಂಟುಮೂಟೆ ಎಂದರೆ ಊರಿನ ಆಸ್ತಿ. ಬಂದವರೆಲ್ಲ ಬಿಚ್ಚಿ ನೋಡುತ್ತಾರೆ, ಬರುವಾಗ ಏನಾದರೂ ತರುತ್ತಾರೆ, ತಂದದ್ದನ್ನು ತಮ್ಮ ಕೈಯಿಂದಲೇ ತುಂಬುತ್ತಾರೆ. ಹೊರಟವರು ಬೇಡ ಅನ್ನುವಂತಿಲ್ಲ. ಅಂದರೆ ಅಪಶಕುನವಂತೆ.

ನಾನು ನರಸಿಂಹರಾಜಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರು. ರಜೆ ಬಂದರೆ ಕೊಪ್ಪದಲ್ಲಿರುವ ಅಣ್ಣ ಸುಬ್ರಾಯನ ಮನೆ. ಕೆಳಗೆ ಅವನ ಗೊಬ್ಬರದಂಗಡಿ, ಮೇಲೆ ಮನೆ. ಮೈಲುತುತ್ತು, ಬೇವಿನಹಿಂಡಿಗಳ ವಾಸನೆ ಮೆಟ್ಟಿಲು ಹತ್ತಿ ಅನ್ನದ ತಟ್ಟೆಯವರೆಗೂ ಬರುತ್ತದೆ. ಅಂಗಡಿಗೆ ಬಂದವರೂ ವಾಸನೆಯ ಹಿಂದೆಯೇ ಮೇಲೆ ಬರುತ್ತಾರೆ.

ಎರಡು ಸಾವಿರದ ಆರನೇ ಇಸವಿಯ ದಸರಾ ರಜೆಯಲ್ಲಿ ನಾನು ಮಾಡಹೊರಟದ್ದು ಇಷ್ಟೇ. ಸೈಕಲ್ಲಿನ ಜೊತೆ ರೈಲಿನಲ್ಲಿ ಜೈಸಲ್ಮೇರಿಗೆ ಹೋಗುವುದು. ಅಲ್ಲಿಂದ ಮರಳಿನ ಕಡೆಗೆ ಸೈಕಲ್ ತುಳಿದು, ಒಂದು ರಾತ್ರಿ ಒಬ್ಬಳೇ ಅಲ್ಲಿ ಮಲಗಿ, ಬೆಳಗಾದ ಮೇಲೆ ವಾಪಸು ಬರುವುದು. ಹುಟ್ಟಿದಾಗಿನಿಂದ ನಾನು ಒಂದು ರಾತ್ರಿಯೂ ಒಬ್ಬಳೇ ಇದ್ದವಳಲ್ಲ. ಮೊದಲು ತುಂಬಿದ ಮನೆ, ಆಮೇಲೆ ಹಾಸ್ಟೆಲು, ಈಗ ಇನ್ನಿಬ್ಬರು ಟೀಚರುಗಳ ಜೊತೆ ಬಾಡಿಗೆ ಕೋಣೆ. ಊಟ ಆಯ್ತಾ, ಎಲ್ಲಿಗೆ ಹೊರಟೆ, ಯಾಕೆ ಸುಮ್ಮನೆ ಕೂತೆ ಎಂದು ಕೇಳುವ ಬಾಯಿ ಇಲ್ಲದ ಒಂದೇ ಒಂದು ರಾತ್ರಿ ನನಗೆ ಬೇಕಿತ್ತು. ಮೂವತ್ತಾರು ವರ್ಷಕ್ಕೆ ಅದೇನು ದೊಡ್ಡ ಆಸೆಯಲ್ಲ.

ಶೃಂಗೇರಿಯಲ್ಲಿ ಜೀಪಿಗೆ ಟಾಪು ಹೊಲಿಯುವ ವೀರಪ್ಪನಿಂದ ಸೈಕಲ್ಲಿನ ಹಿಂದಿನ ಚಕ್ರದ ಎರಡೂ ಕಡೆ ತೂಗುವ ಟಾರ್ಪಾಲಿನ ಚೀಲ ಹೊಲಿಸಿದೆ. ಸೈಬರ್ ಸೆಂಟರಿನಲ್ಲಿ ಕೂತು ಮ್ಯಾಪು ತೆಗೆಸಿದೆ. ಪಂಚರ್ ಸಾಮಾನು, ಟಾರ್ಚು, ಒಂದು ಕಂಬಳಿ, ಅವಲಕ್ಕಿ ಎಂದು ಅಳೆದು ಸುರಿದು ಜೋಡಿಸಿದ್ದೆ. ನಾಲ್ಕೇ ದಿನದಲ್ಲಿ ಆ ಚೀಲ ಸಂತೆಯ ಮೂಟೆಯಾಯಿತು. ಹಪ್ಪಳ, ಕಷಾಯದ ಪುಡಿ, ಹಲಸಿನ ಚಿಪ್ಸು, ಯಾರೋ ಕೊಟ್ಟ ಕುಂಕುಮ. ಕೆರೆಕಟ್ಟೆ ಎಂಬ ಊರಿಂದ ಬಂದ ಅತ್ತೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ತುರುಕಿ ಹೋದರು. ಅದರ ಮುಚ್ಚಳ ಸಡಿಲವಿತ್ತು. ಬೆಳಿಗ್ಗೆ ನೋಡಿದರೆ ಮ್ಯಾಪಿನ ರಾಜಸ್ಥಾನವೆಲ್ಲ ಎಣ್ಣೆ, ಕಂಬಳಿಯಲ್ಲಿ ಮಿಡಿಯ ಹುಳಿ ನಾತ. ಮುಟ್ಟಿದರೆ ಕೈ ಜಿಗುಟು. ಇದಕ್ಕೆ ಪ್ರೀತಿ ಅನ್ನುತ್ತಾರಂತೆ. ನನಗೆ ಹೇಸಿಗೆಯಾಯಿತು.

ಅತ್ತಿಗೆ ಅನ್ನಪೂರ್ಣೇಶ್ವರಿ ಕಂಬಳಿ ಒಗೆದು ಹಾಕಿದರು. ಅವರು ಯಾವುದಕ್ಕೂ ಮಾತಾಡುವವರಲ್ಲ. ಬಂದವರಿಗೆ ಕಾಫಿ, ಹೋಗುವವರಿಗೆ ಕುಂಕುಮ, ಮಧ್ಯೆ ಊಟ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದ ಅವರನ್ನು ಕಂಡರೂ ನನಗೆ ಅಸಹ್ಯವೇ. ಬಡಿಸುವುದು ಬಿಟ್ಟರೆ ಬೇರೆ ಆಸೆಯೇ ಇಲ್ಲದ ಹೆಂಗಸು ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದೆ.

ಹೊರಡುವ ಹಿಂದಿನ ದಿನ, ಭಾರ ಹೇಗಿದೆ ನೋಡೋಣ ಎಂದು ಮೂಟೆ ಸಮೇತ ಹಿರೇಕೊಡಿಗೆ ಕಡೆಗೆ ಸೈಕಲ್ ತುಳಿದೆ. ಏರಿನಲ್ಲಿ ಗಂಟಲು ಒಣಗಿತು. ಇಳಿದು ರಸ್ತೆ ಬದಿಯ ಮನೆಯ ಅಂಗಳಕ್ಕೆ ಹೋಗಿ, "ಅಮ್ಮಾ, ಸ್ವಲ್ಪ ನೀರು" ಅಂದೆ. ಮನೆಯಾಕೆ ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟು, "ಯಾರ ಮನೆಯವರು ನೀವು?" ಎಂದು ಕೇಳಿದರು. ಚೊಂಬು ಅರ್ಧ ಕುಡಿದವಳು ಹಾಗೇ ನಿಂತೆ.

ನನ್ನ ಚೀಲದಲ್ಲಿ ನೀರಿರಲಿಲ್ಲ.

ಒಂದು ಸಣ್ಣ ಬಾಟಲಿ ಬಿಟ್ಟರೆ ನೀರಿಗೆಂದು ಜಾಗವನ್ನೇ ಇಟ್ಟಿರಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಮ್ಮ ಕಡೆ ಯಾರು ನೀರು ಹೊತ್ತು ತಿರುಗುತ್ತಾರೆ? ಬಾಯಾರಿದರೆ ಹಳ್ಳ, ಹಳ್ಳ ಇಲ್ಲದಿದ್ದರೆ ಮನೆ. ಚೀಲ ಬಿಚ್ಚಿ ನೋಡಿದೆ. ಮಳೆಗೆಂದು ಹೊದಿಕೆಗೆ ಪ್ಲಾಸ್ಟಿಕ್, ಬಟ್ಟೆಗೆ ಪ್ಲಾಸ್ಟಿಕ್, ಬೆಂಕಿಪೊಟ್ಟಣಕ್ಕೆ ಪ್ಲಾಸ್ಟಿಕ್. ತಳದಲ್ಲಿ ಉಂಬಳ ಹತ್ತದ ಹಾಗೆ ಕಾಲಿಗೆ ಹಚ್ಚಿಕೊಳ್ಳಲು ಸುಣ್ಣ, ಹೊಗೆಸೊಪ್ಪಿನ ಗಂಟು. ಇದನ್ನು ಯಾವ ಅತ್ತೆಯೂ ತುರುಕಿದ್ದಲ್ಲ. ನಾನೇ ಕಟ್ಟಿದ್ದು. ಮರಳುಗಾಡಿನಲ್ಲಿ ಜಿಗಣೆ ಕಚ್ಚೀತೆಂದು ಮದ್ದು ಕಟ್ಟಿ, ನೀರು ಮರೆತವಳು ನಾನು! ಪ್ರಪಂಚಕ್ಕೆಲ್ಲ ಮೂಗು ಮುರಿದವಳಿಗೆ ಆಗ ತನ್ನ ಬುದ್ಧಿಯ ಮೇಲೇ ವಾಕರಿಕೆ ಬಂತು.

ಮನೆಗೆ ಬಂದು ಎರಡೂ ಚೀಲವನ್ನು ಜಗಲಿಯಲ್ಲಿ ಬೋರಲು ಹಾಕಿದೆ. ಹೊನ್ನಕ್ಕ ಅಲ್ಲೇ ಇದ್ದರು. ಅಣ್ಣ ಅಂಗಡಿಯಿಂದ ಮೇಲೆ ಬಂದ.

"ಇದೆಲ್ಲ ಬೇಡ. ಹತ್ತು ಲೀಟರ್ ನೀರು ಹೊರಬೇಕು. ಬೇರೆ ಯಾವುದಕ್ಕೂ ಜಾಗ ಇಲ್ಲ" ಅಂದೆ.

"ಕೊಟ್ಟದ್ದು ತೆಗೆದು ಹಾಕ್ತೀಯನೆ?" ಹೊನ್ನಕ್ಕ ಕೆನ್ನೆಗೆ ಕೈ ಇಟ್ಟುಕೊಂಡರು.

ಅಣ್ಣ ನಕ್ಕ. "ತೆಗೆಯೋದು ಎಂತಕ್ಕೆ? ನೀರು ಹೊತ್ಕೊಳ್ಳಕ್ಕೆ ಯಜ್ಞೇಶ ಬರ್ತಾನೆ. ನಿನ್ನ ರೈಲಿಗೇ ಅವನಿಗೂ ಟಿಕೆಟ್ ಮಾಡಿಸಿ ಆಯ್ತು. ನಿಂಗೆ ಹೇಳಿದ್ರೆ ಕೂಗಾಡ್ತೀಯ ಅಂತ ಹೇಳಿರಲಿಲ್ಲ ಅಷ್ಟೇ."

ಯಜ್ಞೇಶ ಅತ್ತಿಗೆಯ ತಮ್ಮ. ಮೆಣಸೆಯಲ್ಲಿರುತ್ತಾನೆ. ಹತ್ತು ಹೆಜ್ಜೆಗೊಮ್ಮೆ ಕ್ಯಾಕರಿಸಿ ಉಗುಳುವ ಮನುಷ್ಯ. ಅವನು ನನ್ನ ಮರಳಿನ ಮೇಲೆ ಉಗುಳುವುದು ಕಣ್ಣಿಗೆ ಕಟ್ಟಿತು.

"ಅಣ್ಣಾ, ನಾನು ಹೋಗ್ತಿರೋದೇ ಒಬ್ಬಳೇ ಇರಕ್ಕೆ."

"ಹೆಣ್ಣುಮಗಳು ಒಬ್ಬಳೇ ಎಂತ ಇರೋದು? ಅವನು ಜೊತೆಗಿರ್ತಾನೆ, ಇಲ್ಲಾಂದ್ರೆ ನೀನೂ ಹೋಗೋದು ಬೇಡ."

"ನಂಗೆ ನಿಮ್ಮನ್ನೆಲ್ಲ ನೋಡಿದ್ರೆ ಹೇಸಿಗೆ ಆಗ್ತದೆ" ಅಂದೆ. ಅಂದೇಬಿಟ್ಟೆ. ಹೊನ್ನಕ್ಕನ ಜಗಿಯುವ ಬಾಯಿ ನಿಂತಿತು. ಅಣ್ಣನ ಮುಖ ಕಪ್ಪಿಟ್ಟಿತು. ಇನ್ನು ಜೈಸಲ್ಮೇರಿಗೆ ಹೋದಹಾಗೇ ಎಂದುಕೊಂಡೆ.

ಅಡುಗೆಮನೆಯಿಂದ ಅತ್ತಿಗೆ ಬಂದರು. ಕೈ ಒರೆಸಿಕೊಂಡರು. ಫೋನಿನ ಹತ್ತಿರ ಹೋಗಿ ನಂಬರು ಒತ್ತಿದರು.

"ಯಜ್ಞೇಶನಾ? ನೀನು ಎಲ್ಲಿಗೂ ಹೋಗೋದು ಬೇಡ. ಭಾವ ಏನೇ ಹೇಳಲಿ. ಮನೆಯಲ್ಲಿರು." ಫೋನ್ ಇಟ್ಟರು. ಗಂಡನ ಕಡೆ ತಿರುಗಿ, "ಅವನು ನನ್ನ ತಮ್ಮ. ನಾನು ಬೇಡ ಅಂದಮೇಲೆ ಬರಲ್ಲ. ಟಿಕೆಟ್ ವಾಪಸು ಮಾಡಿಸಿ" ಅಂದರು. ಅಣ್ಣ, ಅಂಗಡಿಯಲ್ಲಿ ಯಾರೋ ಕರೆದರು ಎಂಬಂತೆ ಮೆಟ್ಟಿಲಿಳಿದು ಹೋದ. ಹೊನ್ನಕ್ಕ ಅವನ ಹಿಂದೆಯೇ ಇಳಿದರು.

ಅತ್ತಿಗೆ ಅಡುಗೆ ಎಣ್ಣೆಯ ಎರಡು ಖಾಲಿ ಕ್ಯಾನು ತಂದು, ಬಿಸಿನೀರು ಹಾಕಿ ಕುಲುಕಿ ತೊಳೆದರು. ಅವು ಚೀಲದಲ್ಲಿ ಕೂರುತ್ತವಾ ಎಂದು ಇಬ್ಬರೂ ಇಟ್ಟು ನೋಡಿದೆವು. ಕೂತವು.

"ಜೈಸಲ್ಮೇರಲ್ಲಿ ಇಳಿದಮೇಲೆ ತುಂಬಿಸ್ಕೊ" ಅಂದರು. ಕ್ಯಾನಿನ ಮುಚ್ಚಳ ಬಿಗಿಯುತ್ತಾ, "ಅಲ್ಲಿ ಒಂದು ರಾತ್ರಿ ಯಾರಿಗೂ ಬಡಿಸೋದು ಇರಲ್ಲ, ಅಲ್ವಾ?"

"ಇರಲ್ಲ ಅತ್ತಿಗೆ."

ಅವರು ಚೀಲದ ದಾರ ಬಿಗಿದು ಗಂಟು ಹಾಕಿದರು.

"ಬಂದಮೇಲೆ ಸೈಕಲ್ಲಿನ ಸೀಟು ಸ್ವಲ್ಪ ಇಳಿಸಿ ಕೊಡು" ಅಂದರು. "ನಂಗೆ ಕಾಲು ನೆಲಕ್ಕೆ ಸಿಗಲ್ಲ."